ತನ್ನ ಹಾಜರಿ ತಾನೇ ಬರೆಯದ ರೈಟರು

ಸೋಮವಾರಪೇಟೆ ಕಡೆಯ ಕಾಫಿ ತೋಟದ ರೈಟರೊಬ್ಬರ, ಅಂದರೆ ಆಳುಗಳ ಹಾಜರಿ-ಲೆಕ್ಕ ಬರೆಯುವವರೊಬ್ಬರ, ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಯಾರ ಮೇಲೆ ಅನ್ನುವುದು ಮಾತ್ರ ಪ್ರತಿಸಲ ಬದಲಾಗುತ್ತದೆ.

ವಿಷಯ ಇಷ್ಟು. ಹದಿನಾಲ್ಕು ವರ್ಷದ ಕೆಲಸ. ಕಂಪನಿಯವರು ‘ಪುನರ್‌ರಚನೆ’ ಅಂತ ಎರಡು ಡಿವಿಷನ್ ಸೇರಿಸಿ ಒಂದು ಮಾಡಿದ್ದಾರೆ, ಇನ್ನು ಒಬ್ಬ ರೈಟರು ಸಾಕಂತೆ. ರೊಬಸ್ಟಾ ಕುಯ್ಲು ಮುಗಿಯುವ ತನಕ ದುಡಿಸಿಕೊಂಡು, ಕಣ ಖಾಲಿಯಾದ ಮೇಲೆ ಹೇಳಿದ್ದಾರೆ. ಕ್ವಾರ್ಟರ್ಸ್ ಬಿಡಬೇಕು. ಮಗಳು ಎಸ್ಸೆಸ್ಸೆಲ್ಸಿ. ಎಲ್ಲ ಸೇರಿ ಕೈಗೆ 1,80,000 ರೂಪಾಯಿ. ಅದನ್ನು ನನ್ನ ಹೋಂಸ್ಟೇಗೆ ಹಾಕು, ಪಾಲು ಕೊಡುತ್ತೇನೆ ಅಂತ ಹೆಂಡತಿಯ ಅಣ್ಣ ದಿನಾ ಫೋನ್ ಮಾಡುತ್ತಾರೆ. ‘ಅಕ್ಕಾ, ಭಾವನ ಜೊತೆ ಸೇರಲೋ, ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸಕ್ಕೆ ನಿಲ್ಲಲೋ?’

ಎರಡೂ ಆಮೇಲೆ. ಪತ್ರದ ಕೊನೆಗೆ, ಮಗಳ ಪರೀಕ್ಷೆಯ ಮಾತಾದ ಮೇಲೆ, ಹೇಳಲೋ ಬೇಡವೋ ಅನ್ನುವಂತೆ ಒಂದು ಸಾಲಿದೆ: ‘ಸ್ವಇಚ್ಛೆಯಿಂದ ರಾಜೀನಾಮೆ ಅಂತ ಬರೆದುಕೊಟ್ಟರೆ ಒಳ್ಳೆಯದು ಅಂದಿದ್ದಾರೆ ಮ್ಯಾನೇಜರು, ಸೋಮವಾರ ಕೊಡಬೇಕು.’

ತಮ್ಮಾ, ನಿಮಗೆ ಯಾವ ಇಚ್ಛೆ ಇತ್ತು?

ಹದಿನಾಲ್ಕು ವರ್ಷ ನೀವು ಊರಿನವರ ಹಾಜರಿ ಬರೆದಿರಿ. ಯಾರು ಅರ್ಧ ದಿನ, ಯಾರ ಚೀಲ ಎಷ್ಟು ಕಿಲೋ. ಒಂದು ದಿನ ಬಿಟ್ಟುಹೋದರೆ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆಯ) ಹೆಂಗಸರು ಬಾಗಿಲಿಗೇ ಬಂದು ಜಗಳ ತೆಗೆಯುತ್ತಿದ್ದರು ಅಂತ ನೀವೇ ನಗುತ್ತಾ ಬರೆದಿದ್ದೀರಿ. ಆ ಹೆಂಗಸರಿಗಿದ್ದ ಬುದ್ಧಿ ಈಗ ನಿಮಗೆ ಬೇಕು.

ಲೆಕ್ಕ ನಾನೇ ಹಾಕಿದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 20,800 ಅಂದಿದ್ದೀರಿ. ತಿಂಗಳ ಕೆಲಸದ ದಿನ ಅಂತ ಹಿಡಿಯುವ 26ರಿಂದ ಭಾಗಿಸಿದರೆ ದಿನಕ್ಕೆ 800. ವರ್ಷಕ್ಕೆ 15 ದಿನದಂತೆ 14 ವರ್ಷಕ್ಕೆ 1,68,000. ಇದು ಗ್ರಾಚ್ಯುಟಿ. ಐದು ವರ್ಷ ತುಂಬಿದವರಿಗೆ, ತಾವಾಗಿ ಬಿಟ್ಟು ಹೋದರೂ ಕೊಡಬೇಕಾದ ದುಡ್ಡು. ಅಂದರೆ ಅವರ ಧಾರಾಳತನ ಬರೀ 12,000 ರೂಪಾಯಿ!

ಕೆಲಸದಿಂದ ತೆಗೆದರೆ ಕೊಡಬೇಕಾದದ್ದು ಬೇರೆಯೇ ಇದೆ. ಕಡಿಮೆಯೆಂದರೂ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಮೇಲೆ ಸೇವೆಯ ವರ್ಷಕ್ಕೆ 15 ದಿನದ ಸರಾಸರಿ ವೇತನದ ಪರಿಹಾರ. ಇದೇ ಸುಮಾರು ಒಂದೂವರೆ ಲಕ್ಷದ ಹತ್ತಿರ ಬರುತ್ತದೆ. ‘ಸ್ವಇಚ್ಛೆ’ ಅಂತ ಬರೆದ ಗಳಿಗೆಗೆ ಅದನ್ನು ಕೇಳುವ ದಾರಿ ಮುಚ್ಚಿದ ಹಾಗೆಯೇ. ‘ನೀವು ಸೂಪರ್‌ವೈಸರ್, ನಿಮಗೆ ಇದು ಬರಲ್ಲ’ ಅಂದಾರು. ಹುದ್ದೆಯ ಹೆಸರು ಏನೇ ಇರಲಿ, ದಿನವಿಡೀ ಮುಖ್ಯವಾಗಿ ಏನು ಮಾಡುತ್ತಿದ್ದಿರಿ ಅನ್ನುವುದೇ ಲೆಕ್ಕಕ್ಕೆ ಬರುವುದು. ನೀವು ಮಾಡಿದ್ದು ಪುಸ್ತಕ ಬರೆಯುವ ಕೆಲಸ.

ಮ್ಯಾನೇಜರನ್ನು ನಾನು ಹೆಚ್ಚು ಬೈಯಲಾರೆ. ಮುಂದಿನ ಪಟ್ಟಿಯಲ್ಲಿ ಅವರ ಹೆಸರೂ ಇರಬಹುದು, ಪಾಪ. ನನಗೆ ಮೈ ಉರಿಯುವುದು ನಿಮ್ಮ ಭಾವನ ಮೇಲೆ. ಕೆಲಸ ಹೋಗಿ ವಾರವಾಗಿಲ್ಲ, ತಂಗಿಗೆ ಧೈರ್ಯ ಹೇಳುವುದು ಬಿಟ್ಟು ದುಡ್ಡಿನ ವಾಸನೆ ಹಿಡಿದು ಬಂದಿದ್ದಾರೆ. ನೆಂಟರ ವ್ಯಾಪಾರಕ್ಕೆ ಸೆಟ್ಲ್‌ಮೆಂಟ್ ಹಣ ಹಾಕಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ! 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ, ಮತ್ತೆ 2020ರ ಲಾಕ್‌ಡೌನಿನಲ್ಲಿ, ಮಡಿಕೇರಿ ಸುತ್ತಿನ ಹೋಂಸ್ಟೇಗಳು ಹೇಗೆ ಬಣಗುಟ್ಟಿದ್ದವು ಅನ್ನುವುದನ್ನು ಕೊಡಗಿನಲ್ಲೇ ಇದ್ದು ನೀವು ಮರೆತಿರಾ? ಭಾವನ ಫೋನು ಎತ್ತಲೇಬೇಡಿ. ಹೆಂಡತಿ ಬೇಜಾರು ಮಾಡಿಕೊಂಡರೆ ಈ ಅಂಕಣ ತೋರಿಸಿ, ನನ್ನನ್ನೇ ಬೈಯಲಿ.

ಬೆಂಗಳೂರಿನ ಮಾತು ಮಗಳ ಪರೀಕ್ಷೆ ಮುಗಿದ ಮೇಲೆ ಆಡೋಣ. ಅಲ್ಲಿಯ ತನಕ ಕ್ವಾರ್ಟರ್ಸಿನಲ್ಲಿ ಇರಲು ಬಿಡಿ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತನ್ನು ನಾನು ನಂಬುವವಳಲ್ಲ.

ಸೋಮವಾರ ರಾಜೀನಾಮೆ ಕೊಡಬೇಡಿ. ಅದರ ಬದಲು ಒಂದು ಹಾಳೆ ಕೊಡಿ: ಸೇರಿದ ತಾರೀಖು, ಸಂಬಳ, ಗ್ರಾಚ್ಯುಟಿ, ನೋಟಿಸಿನ ಹಣ, ಪರಿಹಾರ, ಕೆಳಗೆ ಒಟ್ಟು ಮೊತ್ತ. ಚೆಕ್‌ರೋಲ್, ಅದೇ ಹಾಜರಿ ಪುಸ್ತಕ, ಬರೆಯುವ ಅದೇ ಅಕ್ಷರದಲ್ಲಿ. ಒಪ್ಪದಿದ್ದರೆ ಅದೇ ಹಾಳೆ ಹಿಡಿದು ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಬಸ್ಸು ಹತ್ತಿ. ಹೊರಡುವ ಮೊದಲು ಜೆರಾಕ್ಸ್ ಮಾಡಿಸಿಕೊಳ್ಳಿ.