ಆ ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ

ಪ್ರಿಯ ಸಹೋದರಿ,

ವಿರಾಜಪೇಟೆ ಕಡೆಯಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಮದುವೆಯಾಗಿ 28 ವರ್ಷ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಈಗ ನಿಮ್ಮವರು ಬೇರೆಯಾಗೋಣ ಎನ್ನುತ್ತಿದ್ದಾರೆ. ಒಂದಿಷ್ಟು ದುಡ್ಡು ಕೊಟ್ಟು, ಇನ್ನು ಯಾವ ಹಕ್ಕೂ ಇಲ್ಲ ಎಂದು ಛಾಪಾ ಕಾಗದದಲ್ಲಿ ಬರೆಸಿಕೊಳ್ಳಲು ನೋಡುತ್ತಿದ್ದಾರೆ. "ಕಾಫಿ ತೋಟದಲ್ಲಿ ಅರ್ಧ ನನ್ನದಲ್ವಾ?" ಎಂದು ಕೇಳಿದ್ದೀರಿ.

ಬೇಸರದಿಂದಲೇ ಹೇಳುತ್ತೇನೆ, ನಮ್ಮ ಕಾನೂನಿನಲ್ಲಿ ಅರ್ಧ ತಾನಾಗಿ ಬರುವುದಿಲ್ಲ. ವಿಚ್ಛೇದನ ಆಯಿತು ಅಂತ ಗಂಡನ ಹೆಸರಿನ ಆಸ್ತಿ ಎರಡು ಪಾಲಾಗುವುದಿಲ್ಲ. ಅದರಲ್ಲೂ ನಿಮ್ಮ ತೋಟದ ಒಂದು ಭಾಗ ಐನ್‌ಮನೆಗೆ, ಅಂದರೆ ಮೂಲ ಮನೆಗೆ ಸೇರಿದ ಜಮ್ಮಾ ಜಾಗ. ವಂಶಪಾರಂಪರ್ಯವಾಗಿ ಬಂದ ಈ ಜಾಗ ಇಡೀ ಒಕ್ಕದ್ದು, ಅಂದರೆ ಇಡೀ ಕುಲದ್ದು. ಅಲ್ಲಿ ಪಾಲು ಕೇಳುವುದು ಕಷ್ಟ. ನನಗಂತೂ ಇದು ಸರಿ ಕಾಣುವುದಿಲ್ಲ. ಇಷ್ಟು ವರ್ಷ ಕಣದಲ್ಲಿ ನಿಂತು ಕಾಫಿ ಒಣಗಿಸಿದ ಹೆಂಗಸಿನ ಹೆಸರು ಪಹಣಿಯಲ್ಲಿ ಎಲ್ಲೂ ಇಲ್ಲ ಅಂದರೆ ಹೇಗೆ? 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಮನೆ ನೋಡಿಕೊಂಡ ಹೆಂಡತಿಯ ದುಡಿಮೆಯೂ ಆಸ್ತಿ ಗಳಿಕೆಯಲ್ಲಿ ಸೇರಿದೆ ಎಂದು ಒಪ್ಪಿತು. ಅದೇ ದಾರಿಯಲ್ಲಿ ನಮ್ಮ ಕಾನೂನೂ ಬದಲಾಗಬೇಕು. ಸದ್ಯಕ್ಕೆ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಹಾಗಂತ ನೀವು ಬರಿಗೈಯಲ್ಲಿ ಹೊರಡಬೇಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಶಾಶ್ವತ ಜೀವನಾಂಶ ಕೇಳಬಹುದು. ಕೋರ್ಟು ಅವರ ಆದಾಯ, ಆಸ್ತಿ ಎರಡನ್ನೂ ನೋಡುತ್ತದೆ. ಅಂದರೆ ತೋಟದಲ್ಲಿ ಪಾಲು ಸಿಗದಿದ್ದರೂ ಜೀವನಾಂಶ ಎಷ್ಟು ಅಂತ ನಿರ್ಧರಿಸುವಾಗ ಆ ತೋಟ ಲೆಕ್ಕಕ್ಕೆ ಬರುತ್ತದೆ. ಕೊಡುತ್ತೇನೆ ಎಂದು ಆಮೇಲೆ ಕೈಕೊಡದಂತೆ ಅವರ ಸ್ಥಿರಾಸ್ತಿಯ ಮೇಲೆ ಋಣಭಾರ ಹಾಕುವ, ಅಂದರೆ ಜೀವನಾಂಶಕ್ಕೆ ಆ ಆಸ್ತಿಯನ್ನೇ ಹೊಣೆ ಮಾಡುವ ಅಧಿಕಾರವೂ ಕೋರ್ಟಿಗಿದೆ. ಇದನ್ನು ಕೇಳಲು ಮರೆಯಬೇಡಿ. ಕೇಸು ಮುಗಿಯುವವರೆಗಿನ ಖರ್ಚಿಗೆ 24ನೇ ಸೆಕ್ಷನ್ ಇದೆ. ತವರಿನವರು ನಿಮಗೆ ಹಾಕಿದ ಚಿನ್ನ, ನಿಮ್ಮ ದುಡ್ಡಿನ ಠೇವಣಿ ನಿಮ್ಮವೇ.

ಈಗ ಮುಖ್ಯ ವಿಷಯ. "ಇವರು ಆದಾಯವೇ ಇಲ್ಲ ಅಂತಾರೆ" ಎಂದು ಬರೆದಿದ್ದೀರಿ. ತೋಟದವರ ಪ್ರಕರಣಗಳಲ್ಲಿ ಪೆಟ್ಟು ಬೀಳುವುದೇ ಇಲ್ಲಿ. ಕೃಷಿ ಆದಾಯಕ್ಕೆ ಬಹುಮಟ್ಟಿಗೆ ಕೇಂದ್ರದ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್‌ನಲ್ಲಿ ಕಾಣುವುದು ಕಡಿಮೆ. ಆದರೆ ಕಾಫಿ ಸುಮ್ನೆ ಮಾಯವಾಗುವುದಿಲ್ಲ ಅಲ್ವಾ? ಕಾಫಿ ಬೀಜ ಹದಮಾಡುವ ಕ್ಯೂರಿಂಗ್‌ಗೆ ಕಳಿಸಿದ ಚೀಟಿ, ವ್ಯಾಪಾರಿ ಕೊಟ್ಟ ಬಿಲ್ಲು, ಮೆಣಸು ಮಾರಿದ ಲೆಕ್ಕ, ಬೆಳೆ ಸಾಲಕ್ಕೆ ಬ್ಯಾಂಕಿಗೆ ಕೊಟ್ಟ ಕಾಗದ, ಎಲ್ಲೋ ಇದ್ದೇ ಇರುತ್ತವೆ. ಸಾಲ ಕೇಳುವಾಗ ಆದಾಯ ಜಾಸ್ತಿ ತೋರಿಸಿದವರು ಜೀವನಾಂಶದ ಹೊತ್ತಿಗೆ ಕಡಿಮೆ ಅಂದರೆ ಆ ಕಾಗದವೇ ಉತ್ತರ ಕೊಡುತ್ತದೆ.

ಚೆಕ್‌ರೋಲ್ ಪುಸ್ತಕ, ಅಂದರೆ ಆಳುಗಳ ಕೆಲಸ, ಕೂಲಿಯ ಲೆಕ್ಕ, ನಾನೇ ಬರೆಯುತ್ತಿದ್ದೆ ಎಂದಿದ್ದೀರಿ. ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು, ಎಷ್ಟು ಮುಂಗಡ ಹೋಯಿತು, ಶನಿವಾರ ಎಷ್ಟು ಬಟವಾಡೆ ಆಯಿತು, ಎಲ್ಲ ನಿಮ್ಮ ಕೈಬರಹದಲ್ಲಿ. ಆ ಪುಸ್ತಕಗಳನ್ನು ಜೋಪಾನ ಮಾಡಿ. ತೋಟದ ಫಸಲು ಎಷ್ಟು ಎನ್ನುವುದಕ್ಕೂ, ಅದನ್ನು ನಡೆಸಿದ್ದರಲ್ಲಿ ನಿಮ್ಮ ಕೈ ಎಷ್ಟಿತ್ತು ಎನ್ನುವುದಕ್ಕೂ ಅವು ಸಾಕ್ಷಿ. ನಿಮ್ಮ ಹೋಂಸ್ಟೇಗೆ ಬಂದ ಅತಿಥಿಗಳ ರಿಜಿಸ್ಟರ್ ಕೂಡ ಹಾಗೇ. ಪುಟಪುಟವೂ ಫೋಟೋ ತೆಗೆದು ಮಗಳಿಗೆ ಕಳಿಸಿಡಿ. 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಎಂದಿದೆ. ಅವರು ಬರೆದುಕೊಟ್ಟದ್ದನ್ನು ಆಗ ನಿಮ್ಮ ಪುಸ್ತಕದ ಜೊತೆ ಇಟ್ಟು ನೋಡಬಹುದು.

ಮನೆ ಬಿಟ್ಟು ತವರಿಗೆ ಹೋಗು ಎಂದರೆ ಹೊರಟುಬಿಡಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಮನೆ ಯಾರ ಹೆಸರಿನಲ್ಲೇ ಇರಲಿ, ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕಿದೆ. ಆದರೆ ಹೊಡೆತ, ಬೆದರಿಕೆ ಇದ್ದರೆ ಮೊದಲು ಜೀವ ನೋಡಿಕೊಳ್ಳಿ, ಹಕ್ಕು ಆಮೇಲೆ ಕೇಳಬಹುದು.

"ಕೋರ್ಟಿಗೆ ಹೋದರೆ ಊರವರು ಏನೆಂದಾರು" ಎಂಬ ನಿಮ್ಮ ಅಳುಕು ಅರ್ಥವಾಗುತ್ತದೆ. ಒಪ್ಪಿಗೆಯ ವಿಚ್ಛೇದನಕ್ಕೂ ಕೋರ್ಟಿನ ಡಿಕ್ರಿ ಬೇಕು, ಬರೀ ಛಾಪಾ ಕಾಗದ ಸಾಲದು. ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಬೇರೆ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳ ಅವಧಿ ಇರುತ್ತದೆ. ಅಷ್ಟರಲ್ಲಿ ಮೋಸ ಕಂಡರೆ ನಿಮ್ಮ ಒಪ್ಪಿಗೆ ವಾಪಸ್ ಪಡೆಯಬಹುದು. ಮಾತುಕತೆಯಲ್ಲಿ ಮುಗಿಸುವುದಾದರೆ ಮುಗಿಸಿ, ನನಗೂ ಅದೇ ಇಷ್ಟ. ಆದರೆ ಷರತ್ತುಗಳೆಲ್ಲ ಕೋರ್ಟಿನ ಮುಂದೆ ದಾಖಲಾಗಲಿ. ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ಕಾನೂನು ನೆರವು ಇದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನಿಮ್ಮವರು ಬರೆಸಿಟ್ಟ ಕರಡಿನ ಪ್ರತಿಯನ್ನೂ ಒಯ್ಯಿರಿ. ವಕೀಲರು ಅದನ್ನು ಓದಿ ಹೇಳುವ ತನಕ ಪೆನ್ನು ಮುಟ್ಟಬೇಡಿ.

– ಸಂಪಾದಕ