ಅರ್ಮೇನಿಯಾದ ಪಿಯಾನೋ ವಾದಕ ಟಿಗ್ರಾನ್ ಹಮಾಸ್ಯಾನ್ ಜಾಝ್ ಕಲಿತದ್ದು ಅಮೆರಿಕಕ್ಕೆ ವಲಸೆ ಹೋದ ಮೇಲೆಯೇ?

ಅಲ್ಲ. ಜಾಝ್ ಅಮೆರಿಕದ್ದು, ಹಾಗಾಗಿ ಅರ್ಮೇನಿಯಾದ ಹುಡುಗ ಅಲ್ಲಿಗೆ ಹೋಗಿಯೇ ಕಲಿತಿರಬೇಕು ಅಂತ ನೀವು ಅಂದುಕೊಂಡದ್ದು ಸಹಜವೇ. ಆದರೆ ಮನೆಯವರ ಜೊತೆ ಲಾಸ್ ಏಂಜಲೀಸ್‌ಗೆ ಹೋದ 2003ರಲ್ಲೇ ಟಿಗ್ರಾನ್ ಸ್ವಿಟ್ಜರ್ಲೆಂಡಿನ ಮಾಂತ್ರೋ ಜಾಝ್ ಉತ್ಸವದ ಪಿಯಾನೋ ಸ್ಪರ್ಧೆ ಗೆದ್ದರು. ಆಗ ವಯಸ್ಸು ಹದಿನಾರು. ಅಂಥ ಕೈ ನಾಲ್ಕು ತಿಂಗಳಲ್ಲಿ ಪಳಗುವುದಿಲ್ಲ.

ಹುಟ್ಟಿದ್ದು 1987ರಲ್ಲಿ, ಅರ್ಮೇನಿಯಾದ ಗ್ಯುಮ್ರಿಯಲ್ಲಿ. ಮರುವರ್ಷ ಡಿಸೆಂಬರಿನ ಭೂಕಂಪ ಆ ಊರಿನ ಬಹುಭಾಗವನ್ನು ಹಾಳುಮಾಡಿತು. ಅಪ್ಪನಿಗೆ ರಾಕ್ ಹುಚ್ಚು. ಲೆಡ್ ಝೆಪೆಲಿನ್, ಡೀಪ್ ಪರ್ಪಲ್ ಕೇಳುತ್ತಲೇ ಮಗ ಬೆಳೆದದ್ದು. ಹೆವಿ ಮೆಟಲ್ ಗಿಟಾರ್ ನುಡಿಸಬೇಕೆಂದಿದ್ದ ಹುಡುಗನಿಗೆ ಜಾಝ್ ಹಚ್ಚಿದ್ದು ಇನ್ನೊಬ್ಬ ಸಂಗೀತಪ್ರೇಮಿ, ಹತ್ತಿರದ ಬಂಧು. ಹುಡುಗನಿಗೆ ಹತ್ತಾಗುವ ಹೊತ್ತಿಗೆ ಕುಟುಂಬ ರಾಜಧಾನಿ ಯೆರೆವಾನ್‌ಗೆ ಬಂತು. ಅಲ್ಲಿ ಸಿಕ್ಕ ಗುರು ವಹಾಗ್ನ್ ಹೈರಾಪೆಟ್ಯಾನ್, ಬೀಬಾಪ್ ಎಂಬ ವೇಗದ ಜಾಝ್ ಶೈಲಿಯ ಅಮೆರಿಕನ್ ದಿಗ್ಗಜ ಬ್ಯಾರಿ ಹ್ಯಾರಿಸ್ ಅವರ ಶಿಷ್ಯ. ಅಂದರೆ ಅಮೆರಿಕದ ಪಾಠ ಯೆರೆವಾನ್‌ಗೇ ಬಂದಿತ್ತು. ಸೋವಿಯತ್ ಕಾಲದಲ್ಲಿ, 1938ರಲ್ಲೇ ಸರ್ಕಾರಿ ಜಾಝ್ ವಾದ್ಯವೃಂದ ಕಟ್ಟಿದ ನಾಡು ಅದು.

ಹಾಗಾದರೆ ಅಮೆರಿಕ ಕೊಟ್ಟದ್ದೇನು? ಮುಖ್ಯವಾಗಿ ವೇದಿಕೆ. ಅಮೆರಿಕದ ಹೆಸರಾಂತ ಜಾಝ್ ಸ್ಪರ್ಧೆಯಾದ ಥೆಲೋನಿಯಸ್ ಮಾಂಕ್ ಸ್ಪರ್ಧೆಯಲ್ಲಿ, 2006ರಲ್ಲಿ, ಹತ್ತೊಂಬತ್ತರ ಟಿಗ್ರಾನ್‌ಗೆ ಮೊದಲ ಸ್ಥಾನ. ಎರಡು, ಮೂರನೆಯ ಸ್ಥಾನಕ್ಕೆ ನಿಂತವರು ಜೆರಾಲ್ಡ್ ಕ್ಲೇಟನ್ ಮತ್ತು ಆರನ್ ಪಾರ್ಕ್ಸ್. ಇಬ್ಬರೂ ಇವತ್ತಿನ ಜಾಝ್‌ನ ದೊಡ್ಡ ಪಿಯಾನೋ ವಾದಕರು.

ಅಷ್ಟು ಗೆದ್ದವರು ನ್ಯೂಯಾರ್ಕ್ ಶೈಲಿಯಲ್ಲೇ ನುಡಿಸಿಕೊಂಡು ಆರಾಮಾಗಿ ಇರಬಹುದಿತ್ತು. ಟಿಗ್ರಾನ್ ತಿರುಗಿದ್ದು ಅರ್ಮೇನಿಯಾದ ಹಳ್ಳಿ ಹಾಡುಗಳ ಕಡೆಗೆ, ಆ ಹಾಡುಗಳನ್ನು ಊರೂರು ಸುತ್ತಿ ಬರೆದಿಟ್ಟ ಪಾದ್ರಿ ಕೊಮಿತಾಸ್ ಕಡೆಗೆ. ನನಗೆ ಟಿಗ್ರಾನ್ ಅವರ ಹೆಚ್ಚುಗಾರಿಕೆ ಕಾಣುವುದು ಇಲ್ಲೇ. ಎಡಗೈ ಪಿಯಾನೋದ ಕೆಳಸ್ಥಾಯಿಯಲ್ಲಿ ಮೆಟಲ್ ಗಿಟಾರಿನ ಹಾಗೆ ಐದು, ಏಳರ ಲೆಕ್ಕದಲ್ಲಿ ಗುದ್ದುತ್ತಿರುತ್ತದೆ. ಬಲಗೈಯಲ್ಲಿ ಜೋಗುಳದಂಥ ಸಣ್ಣ ರಾಗ. ಅದರ ಮೇಲೆ ಬಾಯಲ್ಲಿ ಗುನುಗು, ಕೆಲವೊಮ್ಮೆ ಸಿಳ್ಳೆ, ಕೆಲವೊಮ್ಮೆ ಲಯದ ಸೊಲ್ಲು. ಕರ್ನಾಟಕ ಸಂಗೀತದಲ್ಲಿ ಖಂಡ (ಐದು), ಮಿಶ್ರ (ಏಳು) ನಡೆಗಳ ತನಿ ಆವರ್ತನ, ಅಂದರೆ ಮೃದಂಗದವರ ಸರದಿ, ಕೇಳಿ ರೂಢಿಯಿರುವವರು ಎರಡನೇ ಆವರ್ತಕ್ಕೇ ತಾಳ ಹಾಕಲು ಶುರುಮಾಡುತ್ತಾರೆ. ಲೆಕ್ಕ ತಪ್ಪಿ ನಗುವುದೂ ಉಂಟು, ಅದು ಬೇರೆ ಮಾತು.

ಇನ್ನೊಂದು ವಿಷಯ ನೋಡಿ. ಪ್ರತಿಯೊಬ್ಬ ಜಾಝ್ ವಿದ್ಯಾರ್ಥಿಯೂ ಮೊದಲು ಕಲಿಯುವ ಹಳೆಯ ಅಮೆರಿಕನ್ ಹಾಡುಗಳಿಗೇ ಮೀಸಲಾದ ಟಿಗ್ರಾನ್ ಅವರ ಆಲ್ಬಂ, 'ಸ್ಟ್ಯಾಂಡ್‌ಆರ್ಟ್', ಬಂದದ್ದು 2022ರಲ್ಲಿ. ವಲಸೆ ಹೋಗಿ ಹೆಚ್ಚುಕಡಿಮೆ ಎರಡು ದಶಕವಾದ ಮೇಲೆ!

ಹೊಸದಾಗಿ ಕೇಳುವುದಾದರೆ 2011ರ 'ಎ ಫೇಬಲ್'ನಿಂದ ಶುರುಮಾಡಿ, ಒಬ್ಬರೇ ನುಡಿಸಿದ್ದು. ಆಮೇಲೆ 2015ರ 'ಲೂಯ್ಸ್ ಇ ಲೂಸೊ'. ಅದರಲ್ಲಿ ಯೆರೆವಾನ್‌ನ ಗಾಯಕವೃಂದ ಹಾಡುವ ಚರ್ಚಿನ ಪ್ರಾಚೀನ ಹಾಡುಗಳಿಗೆ ಪಿಯಾನೋ ಜೊತೆಯಾಗುತ್ತದೆ. ಅದೇ ವರ್ಷದ 'ಮಾಕ್‌ರೂಟ್' ಕೊನೆಗಿರಲಿ. ಗದ್ದಲ ಜಾಸ್ತಿ, ಮೊದಲೇ ಅದನ್ನು ಹಾಕಿಕೊಂಡವರು ಹತ್ತು ನಿಮಿಷಕ್ಕೆ ಎದ್ದುಹೋದದ್ದನ್ನು ಕಂಡಿದ್ದೇನೆ.