19ನೇ ಶತಮಾನದಲ್ಲಿ ನದಿಯಲ್ಲೂ ದೊಡ್ಡ ಹಡಗು ದುರಂತ ಆಗಿತ್ತಾ?

ಆಗಿತ್ತು. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಸುಲ್ತಾನಾ ಎಂಬ ಸ್ಟೀಮರ್ 1865ರ ಏಪ್ರಿಲ್ 27ರ ನಡುರಾತ್ರಿ ಕಳೆದ ಮೇಲೆ ಮೆಂಫಿಸ್ ಊರಿನ ಹತ್ತಿರ ಸ್ಫೋಟವಾಯಿತು. ಸತ್ತವರು 1,100ಕ್ಕೂ ಜಾಸ್ತಿ. ಕೆಲವು ಲೆಕ್ಕಗಳಲ್ಲಿ ಇನ್ನೂ ಹೆಚ್ಚು.

ಹತ್ತಿದ್ದವರಲ್ಲಿ ಹೆಚ್ಚಿನವರು ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ಜೈಲಿನಲ್ಲಿ ಊಟವಿಲ್ಲದೆ ಸೊರಗಿ ಹೋಗಿದ್ದರು. ಹಡಗಿಗೆ ಅನುಮತಿ ಇದ್ದದ್ದು 376 ಜನಕ್ಕೆ. ತುಂಬಿಸಿದ್ದು 2,000ಕ್ಕೂ ಹೆಚ್ಚು! ತಲೆಗಿಷ್ಟು ಅಂತ ಸರ್ಕಾರ ದುಡ್ಡು ಕೊಡುತ್ತಿತ್ತು, ಅದೇ ಆಸೆ. ಸೈನಿಕರು ಹತ್ತಿದ ವಿಕ್ಸ್‌ಬರ್ಗ್ ಊರಿನಲ್ಲೇ, ಹಡಗು ಓಡಿಸುವ ಹಬೆ ತಯಾರಿಸುವ ಬಾಯ್ಲರ್ ಸೋರುತ್ತಿರುವುದು ಗೊತ್ತಾಗಿತ್ತು. ಸರಿಯಾಗಿ ರಿಪೇರಿ ಮಾಡಲು ದಿನಗಳು ಬೇಕು, ಅಷ್ಟರಲ್ಲಿ ಸೈನಿಕರು ಬೇರೆ ಹಡಗು ಹತ್ತಿಬಿಡುತ್ತಾರೆ. ಹಾಗಾಗಿ ತೇಪೆ ಹಾಕಿ ಹೊರಟರು. ನನಗೆ ತುಂಬ ಸಂಕಟವಾಗುವುದು ಇಲ್ಲೇ.

ಸ್ಫೋಟದ ಹಿಂದಿನ ದಿನ ದಾರಿಯ ಹೆಲೆನಾ ಊರಿನಲ್ಲಿ ತೆಗೆದ ಒಂದು ಫೋಟೋ ಉಳಿದಿದೆ. ಅಟ್ಟದ ಮೇಲೆ ಅಟ್ಟ, ಎಲ್ಲೆಲ್ಲೂ ಜನ, ಕಾಲಿಡಲೂ ಜಾಗವಿಲ್ಲ. ಬಾಯ್ಲರ್ ಸ್ಫೋಟವಾದಾಗ ನದಿ ಪ್ರವಾಹದಲ್ಲಿ ಉಕ್ಕಿತ್ತು, ನೀರು ಹಿಮದಷ್ಟು ತಣ್ಣಗೆ. ಬೆಂಕಿಯಿಂದ ತಪ್ಪಿಸಿಕೊಂಡವರನ್ನು ಚಳಿ ಕೊಂದಿತು. ಒಬ್ಬ ಸೈನಿಕ ಹಡಗಿನಲ್ಲಿ ಸಾಕಿದ್ದ ಮೊಸಳೆಯನ್ನು ಕೊಂದು, ಅದರ ಮರದ ಪೆಟ್ಟಿಗೆ ಹಿಡಿದು ತೇಲಿ ಬದುಕಿಕೊಂಡ.

ಇಷ್ಟು ದೊಡ್ಡ ಸುದ್ದಿ ಯಾಕೆ ಮರೆತುಹೋಯಿತು ಅಂದರೆ, ಅಮೆರಿಕದ ಅಧ್ಯಕ್ಷ ಲಿಂಕನ್ ಸತ್ತು ಆಗಿನ್ನೂ ಎರಡು ವಾರವೂ ಆಗಿರಲಿಲ್ಲ. ಅವರನ್ನು ಕೊಂದವನು ಸಿಕ್ಕಿ ಸತ್ತದ್ದೂ ಹಿಂದಿನ ದಿನವೇ. ಪತ್ರಿಕೆಗಳ ತುಂಬ ಅದೇ ಇತ್ತು. ಆಮೇಲೆ ನದಿಯೂ ದಾರಿ ಬದಲಿಸಿತು. 1982ರಲ್ಲಿ ಹಡಗಿನದು ಎನ್ನಲಾದ ಅವಶೇಷ ಸಿಕ್ಕಿದ್ದು ಅರ್ಕನ್ಸಾ ರಾಜ್ಯದ ಕಡೆಯ ಸೋಯಾ ಹೊಲದ ಅಡಿಯಲ್ಲಿ.